827 ನಾಟಿ ಗೋಧಿ, ಏಳು ಗುಂಪು, ಬಳಸಿದ್ದು ಎರಡೇ: ಇಳುವರಿ ಏರಬೇಕಾದರೆ ಇನ್ನು ಎಲೆ ದುಡಿಯಬೇಕು

ಎರೆಹೊಲ (ಜಗಳೂರು) · ಶನಿವಾರ ರಾತ್ರಿ 8:40

ಈರುಳ್ಳಿ ರೇಟು, ಅಡಿಕೆ ರೇಟು ದಿನಾ ಇದ್ದದ್ದೇ. ಇವತ್ತು ಗೋಧಿ ಬಗ್ಗೆ ಒಂದು ವಿಷಯ ಹಾಕ್ತಿದ್ದೀನಿ. ಪೂರ್ತಿ ಓದಿ ಆಮೇಲೆ ಮಾತಾಡಿ.

2024ರಲ್ಲಿ ನೇಚರ್ ಪತ್ರಿಕೆಯಲ್ಲಿ ಒಂದು ಸಂಶೋಧನೆ ಬಂತು. ಇಂಗ್ಲೆಂಡಿನ ಜಾನ್ ಇನ್ನೆಸ್ ಸಂಸ್ಥೆಯವರು, ಚೀನಾದ ಕೃಷಿ ವಿಜ್ಞಾನಿಗಳು ಕೂಡಿ ಮಾಡಿದ್ದು. ವಾಟ್ಕಿನ್ಸ್ ಅನ್ನೋ ವಿಜ್ಞಾನಿ 1920–30ರ ದಶಕಗಳಲ್ಲಿ 32 ದೇಶಗಳಿಂದ ನಾಟಿ ಗೋಧಿ ತರಿಸಿಟ್ಟುಕೊಂಡಿದ್ದ, ನಮ್ಮ ದೇಶದ್ದೂ ಸೇರಿ. ಈಗ ಅದರಲ್ಲಿ 827 ತಳಿ ಇವೆ. ಅಷ್ಟರ ಡಿಎನ್‌ಎಯನ್ನೂ ಓದಿದ್ದಾರೆ. ಅವು ಏಳು ಮೂಲ ಗುಂಪುಗಳಾಗಿ ಬಿಡಿಸಿಕೊಳ್ಳುತ್ತವೆ. ಇವತ್ತಿನ ಸುಧಾರಿತ ಗೋಧಿ ಬಂದಿರೋದು ಅದರಲ್ಲಿ ಎರಡೇ ಗುಂಪಿನಿಂದ. ಆ ಸಂಗ್ರಹದಲ್ಲಿರೋ ವೈವಿಧ್ಯದಲ್ಲಿ ಶೇ. 60ರಷ್ಟು ಇನ್ನೂ ಯಾರ ಹೊಲಕ್ಕೂ ಬಂದೇ ಇಲ್ಲ.

ನನ್ನ ವಾದ ಇದು. 1960ರ ದಶಕದಲ್ಲಿ ಗಿಡ್ಡ ಗೋಧಿ ಬಂದು ಇಳುವರಿ ಏರಿತಲ್ಲ, ಅದು ಎಲೆ ಜಾಸ್ತಿ ದುಡಿದಿದ್ದಕ್ಕಲ್ಲ. ದುಡಿಮೆಯಲ್ಲಿ ಹುಲ್ಲಿನ ಪಾಲು ಇಳಿದು ಕಾಳಿನ ಪಾಲು ಏರಿದ್ದಕ್ಕೆ. ಹಳೆ ಎತ್ತರದ ಗೋಧಿಯಲ್ಲಿ ಗಿಡದ ಒಣತೂಕದ ಮೂರನೇ ಒಂದು ಭಾಗದಷ್ಟು ಕಾಳು, ಈಗ ಹತ್ತಿರಹತ್ತಿರ ಅರ್ಧ. ಶೇ. 60 ದಾಟಿ ಸ್ವಲ್ಪ ದೂರಕ್ಕೆ ಅದೂ ನಿಲ್ಲುತ್ತೆ ಅಂತ ಶರೀರಕ್ರಿಯೆ ಓದಿದವರು ಲೆಕ್ಕ ಹಾಕಿದ್ದಾರೆ, ಕಾಳು ಹೊರೋಕೆ ಕಾಂಡ ಬೇಕಲ್ಲ. ಹಂಚಿಕೆಯಲ್ಲಿ ಇನ್ನು ಹೆಚ್ಚು ಸಿಗೋದಿಲ್ಲ ಅಂದಮೇಲೆ ದುಡಿಮೆಯೇ ಹೆಚ್ಚಬೇಕು, ಅಂದ್ರೆ ಎಲೆ ಬಿಸಿಲಿನಿಂದ ಆಹಾರ ಮಾಡೋ ದ್ಯುತಿಸಂಶ್ಲೇಷಣೆ. ಆ ಗುಣ ಹುಡುಕಬೇಕಾದ್ದು ಬಿಟ್ಟುಹೋದ ಐದು ಗುಂಪಿನಲ್ಲಿ, ಗೋಧಿಯ ಕಾಡು ನೆಂಟರಲ್ಲಿ, ನಮ್ಮ ಜವೆ ಗೋಧಿಯಲ್ಲಿ. ನಮ್ಮ ಕಡೆಯೂ ಒಂದು ಪ್ರಯೋಗದ ತಾಕು ಆಗಬೇಕು.

ಮೆಕ್ಕೆಜೋಳ ದಾವಣಗೆರೆ · 8:52

"ನಮ್ಮ ಕಡೆಯೂ ಒಂದು ತಾಕು" ಅಂದ್ರಲ್ಲ ಅಣ್ಣ, ಯಾರ ಹೊಲದಲ್ಲಿ? ದಾವಣಗೆರೆ ಜಿಲ್ಲೆ ಅಂದ್ರೆ ಮೆಕ್ಕೆಜೋಳ, ಭದ್ರಾ ನಾಲೆ ಕೆಳಗೆ ಭತ್ತ, ಚನ್ನಗಿರಿ ಕಡೆ ಅಡಿಕೆ. ಗೋಧಿಗೆ ಕಾಳು ಕಟ್ಟುವಾಗ ಚಳಿ ಬೇಕು. ನಮ್ಮಲ್ಲಿ ಸಂಕ್ರಾಂತಿ ಕಳೀತು ಅಂದ್ರೆ ಬಿಸಿಲು ಶುರು. ದೇಶದ ಸರಾಸರಿ ಹೆಕ್ಟೇರಿಗೆ ಸುಮಾರು ಮೂರೂವರೆ ಟನ್ ಇದ್ರೆ ಕರ್ನಾಟಕದ್ದು ಅದರ ಅರ್ಧವೂ ಇಲ್ಲ.

ಎಲೆ ಚೆನ್ನಾಗಿ ದುಡಿಯೋ ಬೆಳೆನೇ ಬೇಕು ಅಂದ್ರೆ ಮೆಕ್ಕೆಜೋಳ ಐತಲ್ಲ. ಅದು ಸಿ4 ಗಿಡ, ಎಲೆಯೊಳಗೆ ಇಂಗಾಲ ಒಟ್ಟುಮಾಡಿ ಕೊಡೋ ಏರ್ಪಾಡು ಇರೋದು; ಸಿ3 ಗಿಡಕ್ಕೆ ಅದಿಲ್ಲ. ಬಿಸಿಲಿನ ಶಕ್ತಿಯಲ್ಲಿ ಸಿ3 ಗಿಡ ಹೆಚ್ಚೆಂದರೆ ಶೇ. 4.6ರಷ್ಟನ್ನು ಒಣತೂಕ ಮಾಡಬಹುದು, ಸಿ4 ಆದ್ರೆ ಶೇ. 6. ಗೋಧಿ ಸಿ3. ಇರೋ ಬೆಳೆ ಬಿಟ್ಟು ಇಲ್ಲದ ಬೆಳೆ ಹಿಂದೆ ಯಾಕೆ ಹೋಗಬೇಕು?

ಬಯಾಲಜಿ ಮೇಷ್ಟ್ರು (ಚಿತ್ರದುರ್ಗ) · 9:03

"ಹೆಚ್ಚೆಂದರೆ ಶೇ. 4.6" ಅಂತ ಬರೆದಿದ್ದೀರಿ. ಆ "ಹೆಚ್ಚೆಂದರೆ" ಅನ್ನೋದನ್ನ ದಯವಿಟ್ಟು ಬಿಡಬೇಡಿ. ಅದು ಸೈದ್ಧಾಂತಿಕ ಮಿತಿ. ಹೊಲದಲ್ಲಿ ಗೋಧಿ ಅದರ ಅರ್ಧವನ್ನೂ ಮುಟ್ಟೋದಿಲ್ಲ. ಈ ವಿಷಯದ ಜೀವಾಳವೇ ಆ ಅಂತರ.

ಅಂತರ ಯಾಕೆ ಅಂತ ಹೇಳ್ತೀನಿ. ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಹಿಡಿಯೋ ಕಿಣ್ವ ರುಬಿಸ್ಕೊ. ಒಂದು ಸೆಕೆಂಡಿಗೆ ಎರಡು ಮೂರು ಅಣು ಹಿಡಿದರೆ ಹೆಚ್ಚು, ಅಷ್ಟು ನಿಧಾನ. ಅದೂ ಆಗಾಗ ಆಮ್ಲಜನಕವನ್ನ ಹಿಡಿದುಬಿಡುತ್ತೆ, ಆಗ ಕೈಗೆ ಬಂದ ಇಂಗಾಲವೂ ಸೋರಿಹೋಗುತ್ತೆ. ಬಿಸಿ ಏರಿದಷ್ಟೂ ಈ ಸೋರಿಕೆ ಜಾಸ್ತಿ. ರುಬಿಸ್ಕೊವನ್ನು ಚಾಲೂ ಇಡೋಕೆ ಆಕ್ಟಿವೇಸ್ ಅಂತ ಇನ್ನೊಂದು ಪ್ರೋಟೀನ್ ಇದೆ. ಗೋಧಿಯಲ್ಲಿ ಅದು ಶಾಖಕ್ಕೆ ಬೇಗ ಸೋಲುತ್ತೆ. 2020ರಲ್ಲಿ ಪ್ರಕಟವಾದ ಕೆಲಸದಲ್ಲಿ ಆ ಪ್ರೋಟೀನಿನ ಒಂದೇ ಒಂದು ಅಮೈನೊ ಆಮ್ಲ ಬದಲಾದರೆ ಅದು ತಡೆಯೋ ಶಾಖ ಸುಮಾರು 5 ಡಿಗ್ರಿ ಏರುತ್ತೆ ಅಂತ ತೋರಿಸಿದ್ದಾರೆ. ಸಂಕ್ರಾಂತಿ ಆದಮೇಲೆ ಬಿಸಿಲು ಅಂತ ನೀವೇ ಹೇಳಿದ್ರಿ. ಹಾಗಾದ್ರೆ ಈ ಹುಡುಕಾಟ ಪಂಜಾಬಿಗಿಂತ ಮೊದಲು ನಮಗೆ ಬೇಕು.

ಬೀಜ ನಮ್ಮದು · 9:10

ಕಿಣ್ವದ ಪಾಠ ಇರಲಿ ಮೇಷ್ಟ್ರೇ. ಮೇಲಿನ ಪೋಸ್ಟಿನಲ್ಲಿ "32 ದೇಶಗಳಿಂದ ತರಿಸಿಟ್ಟುಕೊಂಡಿದ್ದ" ಅಂತ ಎಷ್ಟು ಸಲೀಸಾಗಿ ಬರೆದಿದ್ದಾರೆ ನೋಡಿ. 1920ರಲ್ಲಿ ನಾವು ಯಾರ ಕೈಕೆಳಗಿದ್ವಿ? ರೈತರನ್ನ ಕೇಳಿ ತಗೊಂಡ್ರಾ? ಬ್ರಿಟಿಷ್ ಕಚೇರಿಗಳ ಮೂಲಕ ಊರೂರಿನ ಸಂತೆಯಿಂದ ಎತ್ತಿಸಿದ್ದು ಅದು. ಈಗ ಅದನ್ನೇ ಓದಿ ನಮಗೆ ಪಾಠ ಹೇಳ್ತಾರೆ, ನಾವು ಚಪ್ಪಾಳೆ ತಟ್ಟಬೇಕು. ಬೀಜ ನಮ್ಮದು, ಕಪಾಟು ಅವರದು.

ಎರೆಹೊಲ · 9:16

ಸಂತೆಯಲ್ಲಿ ಹಣ ಕೊಟ್ಟು ಕೊಂಡ ಕಾಳಿಗೆ "ಎತ್ತಿಸಿದ್ದು" ಅಂತ ಹೇಳೋದು ಸರಿಯಲ್ಲ. ವಾಟ್ಕಿನ್ಸ್ ಆಗ ಕೂಡಿಸಿಡದೇ ಹೋಗಿದ್ದರೆ ಅದರಲ್ಲಿ ಎಷ್ಟು ತಳಿ ಇವತ್ತು ಉಳಿದಿರ್ತಿತ್ತು? ನಮ್ಮ ಅಜ್ಜ ಕಡಲೆ ಹೊಲದ ಅಂಚಿನಲ್ಲಿ ಸಾಲು ಬಿಡ್ತಿದ್ದ ಜವೆ ಗೋಧಿ ನಮ್ಮ ಮನೆಯಲ್ಲೇ ಉಳಿದಿಲ್ಲ. ಡಿಎನ್‌ಎ ಮಾಹಿತಿಯನ್ನೂ ಯಾರು ಬೇಕಾದರೂ ನೋಡುವ ಹಾಗೆ ಬಿಟ್ಟಿದ್ದಾರೆ.

ವಿಷಯ ಎಲೆ ಬಗ್ಗೆ. ಅದಕ್ಕೆ ಬರೋಣ.

ಬೀಜ ನಮ್ಮದು · 9:19

"ಯಾರು ಬೇಕಾದರೂ". ಅದೇ ನನ್ನ ಭಯ. ಯಾರು ಬೇಕಾದರೂ ಅಂದ್ರೆ ಕಂಪನಿಯವರೂ ಸೇರಿ.

ನ್ಯಾಪ್ ಹಾಲ್ ಹೆಸರು ಕೇಳಿದ್ದೀರಾ? ನಮ್ಮ ದೇಶದ ನಾಟಿ ಗೋಧಿ. ಅದರ ಹಿಟ್ಟು ಕಲಸಿ ಎಳೆದರೆ ಹಿಂದಕ್ಕೆ ಹೆಚ್ಚು ಜಗ್ಗೋದಿಲ್ಲ, ಬಿಸ್ಕತ್ತಿಗೆ ಹೇಳಿ ಮಾಡಿಸಿದ್ದು. 2003ರಲ್ಲಿ ಯುರೋಪಿನ ಪೇಟೆಂಟ್ ಕಚೇರಿ ಆ ಗುಣ ಇರೋ ಗೋಧಿ ಮೇಲೆ ಮೊನ್ಸಾಂಟೊ ಅನ್ನೋ ಬೀಜ ಕಂಪನಿಗೆ ಪೇಟೆಂಟ್ ಕೊಟ್ಟಿತ್ತು. ನಮ್ಮ ರೈತ ನೂರಾರು ವರ್ಷ ಬೆಳೆದ ಗುಣ ಅದು. ನಾಳೆ "ಹೆಚ್ಚು ದುಡಿಯೋ ಎಲೆ" ಅನ್ನೋ ಗುಣಕ್ಕೂ ಇದೇ ಆಗುತ್ತೆ.

ಬಯಾಲಜಿ ಮೇಷ್ಟ್ರು · 9:24

2003ಕ್ಕೇ ನಿಲ್ಲಿಸಿದ್ರಿ. 2004ರಲ್ಲಿ ಏನಾಯ್ತು ಅಂತಲೂ ಬರೀರಿ. ಆ ಪೇಟೆಂಟ್ ರದ್ದಾಯ್ತು.

ಬೀಜ ನಮ್ಮದು · 9:26

ತಾನಾಗಿ ರದ್ದಾಯ್ತಾ? ಇಲ್ಲಿನ ಸಂಘಟನೆಗಳು, ರೈತರ ಸಮಾಜ ಹೋಗಿ ಆಕ್ಷೇಪಣೆ ಹಾಕಿದ್ದಕ್ಕೆ ರದ್ದಾಯ್ತು. ನೀವು ಹೇಳೋದು ನೋಡಿದ್ರೆ ಕಚೇರಿಯವರೇ ಮನಸ್ಸು ಬದಲಾಯಿಸಿದಂಗೆ ಐತೆ.

ಹೊಳಲ್ಕೆರೆ ಹುಡುಗಿ · 9:31

ನಾನು ಕೃಷಿ ವಿಶ್ವವಿದ್ಯಾಲಯದಲ್ಲಿ ತಳಿ ಅಭಿವೃದ್ಧಿ ಓದ್ತಿದ್ದೀನಿ. ಎರೆಹೊಲ ಅಣ್ಣ ಬರೆದ "ಕಾಡು ನೆಂಟರಲ್ಲಿ" ಅನ್ನೋದಕ್ಕೆ ಎರಡು ಉದಾಹರಣೆ ಕೊಡ್ತೀನಿ, ಪೇಟೆಂಟ್ ಜಗಳ ಆಮೇಲೆ ಮಾಡಿ.

ಒಂದು, ರೊಟ್ಟಿ ಗೋಧಿ ಹುಟ್ಟಿದ್ದೇ ಅಡ್ಡತಳಿಯಿಂದ. ಎಂಟು ಹತ್ತು ಸಾವಿರ ವರ್ಷಗಳ ಹಿಂದೆ ಜವೆ ಗೋಧಿ ಬಳಗದ ಒಂದು ಗೋಧಿ, ಈಜಿಲಾಪ್ಸ್ ಟೌಶಿ ಅನ್ನೋ ಕಾಡುಹುಲ್ಲಿನ ಜೊತೆ ತಾನೇ ಕೂಡಿಕೊಂಡಿತು. ಕೂಡಿದ ಹುಲ್ಲಿನ ಗಿಡಗಳು ಕೆಲವೇ ಕೆಲವು. ಹಾಗಾಗಿ ಆ ಹುಲ್ಲಿನಿಂದ ಬಂದ ಏಳು ಜೊತೆ ವರ್ಣತಂತುಗಳಲ್ಲಿ ವೈವಿಧ್ಯ ಮೊದಲಿನಿಂದಲೂ ಬಹಳ ಕಡಿಮೆ. ಮೆಕ್ಸಿಕೊದಲ್ಲಿರೋ ಗೋಧಿ, ಮೆಕ್ಕೆಜೋಳ ಸಂಶೋಧನೆಯ ಸಿಮಿಟ್ ಸಂಸ್ಥೆಯವರು ಆ ಕೂಡಿಕೆಯನ್ನೇ ಮತ್ತೆ ಮತ್ತೆ ಮಾಡಿ, ಬೇರೆ ಬೇರೆ ಟೌಶಿ ಹುಲ್ಲು ಬಳಸಿ, ಕೃತಕ ಗೋಧಿ ತಳಿಗಳನ್ನ ಮಾಡಿದ್ದಾರೆ.

ಎರಡು, ಥಿನೊಪೈರಮ್ ಅನ್ನೋ ಹುಲ್ಲಿನ ವರ್ಣತಂತುವಿನ ಒಂದು ತುಣುಕು ಗೋಧಿಯ 7ಡಿ ಅನ್ನೋ ವರ್ಣತಂತುವಿಗೆ ಸೇರಿದೆ. ತಂದಿದ್ದು ತುಕ್ಕು ರೋಗ ತಡೆಯೋಕೆ, ಎಲ್‌ಆರ್19 ಜೀನ್‌ಗೋಸ್ಕರ. ಆದ್ರೆ ನೀರಾವರಿಯಲ್ಲಿ ಬೆಳೆದಾಗ ಗಿಡದ ಒಟ್ಟು ತೂಕ ಏರಿತು, ಇಳುವರಿ ಏರಿತು, ಕಾಳು ತುಂಬುವಾಗ ಧ್ವಜ ಎಲೆಯ, ಅಂದ್ರೆ ತೆನೆಯ ಕೆಳಗಿರೋ ಕೊನೇ ಎಲೆಯ, ದ್ಯುತಿಸಂಶ್ಲೇಷಣೆಯೂ ಏರಿತು. ಯಾರೂ ಅದಕ್ಕೆ ಅಂತ ಹುಡುಕಿರಲಿಲ್ಲ.

ಮೆಕ್ಕೆಜೋಳ ದಾವಣಗೆರೆ · 9:38

"ನೀರಾವರಿಯಲ್ಲಿ ಬೆಳೆದಾಗ". ಮಳೆಯಾಶ್ರಯದಲ್ಲಿ ಏನಾಯ್ತು ತಂಗಿ? ಅದನ್ನ ಬರೀಲಿಲ್ಲ.

ಹೊಳಲ್ಕೆರೆ ಹುಡುಗಿ · 9:41

ನೀರಿನ ಕೊರತೆ ಇದ್ದ ಕಡೆ ಆ ಲಾಭ ಬರಲಿಲ್ಲ, ಕೆಲವು ತಳಿಗಳಲ್ಲಿ ಇಳುವರಿ ಇಳಿಯಿತು. ಅದಕ್ಕೇ ಒಂದು ತುಣುಕಿಗೆ ಜೋತುಬೀಳದೆ ವೈವಿಧ್ಯ ಬೇಕು ಅನ್ನೋದು.

ಮೆಕ್ಕೆಜೋಳ ದಾವಣಗೆರೆ · 9:43

ಆಯ್ತಲ್ಲ. ಚಳ್ಳಕೆರೆ ರಾಜ್ಯದಲ್ಲೇ ಕಡಿಮೆ ಮಳೆ ಬೀಳೋ ತಾಲ್ಲೂಕುಗಳಲ್ಲಿ ಒಂದು. ಜಗಳೂರೂ ಹಂಗೇ. ನೀರಾವರಿ ಗೋಧಿ ಕಥೆ ಇಲ್ಲಿ ಹೇಳಿ ಏನು ಪ್ರಯೋಜನ?

ಕೋಟೆನಾಡು · 9:44

ಹುಲ್ಲಿನ ಜೀನ್ ತಂದು ಗೋಧಿಗೆ ಸೇರಿಸ್ತಾರಂತೆ!! ಕುಲಾಂತರಿ ಗೋಧಿ ತಿನ್ನಿಸಿ ತಿನ್ನಿಸಿ ಮನೆಮನೆಗೆ ಶುಗರ್ ತಂದಿಟ್ಟಿದ್ದು ಇವರೇ. ನಮ್ಮ ಅಜ್ಜಿ ಜವೆಗೋಧಿ ಹುಗ್ಗಿ ತಿಂದು 90 ದಾಟಿದ್ರು.

ಹೊಳಲ್ಕೆರೆ ಹುಡುಗಿ · 9:48

ಭಾರತದಲ್ಲಿ ಕುಲಾಂತರಿ ಗೋಧಿ ಬೆಳೆಯೋಕೆ ಅನುಮತಿಯೇ ಇಲ್ಲ, ಯಾರೂ ಬೆಳೆಯೋದೂ ಇಲ್ಲ. ನಾನು ಹೇಳಿದ್ದು ಪರಾಗಸ್ಪರ್ಶದಿಂದ ಮಾಡಿದ ಅಡ್ಡತಳಿ. ಇಕ್ಕಳದಿಂದ ಹೂವಿನ ಕೇಸರ ಕಿತ್ತು, ಕಾಗದದ ಕವರ್ ಹಾಕಿ, ಮೂರ್ನಾಲ್ಕು ದಿನ ಆದಮೇಲೆ ಬೇರೆ ಗಿಡದ ಪರಾಗ ಉದುರಿಸೋದು. ಅದನ್ನ ನಾನೇ ಕೈಯಾರೆ ಮಾಡ್ತೀನಿ. ನೀವು ಹೇಳಿದ ಜವೆ ಗೋಧಿಯಲ್ಲೂ ಧಾರವಾಡದವರು ಡಿಡಿಕೆ 1009, 1025, 1029 ಅಂತ ಸುಧಾರಿತ ತಳಿ ಬಿಟ್ಟಿದ್ದಾರೆ. ಈಗ ಅಂಗಡಿಯಲ್ಲಿ ಕೊಳ್ಳೋ ಜವೆ ಗೋಧಿ ಅದೇ ಇರಬಹುದು.

ಕೋಟೆನಾಡು · 9:50

"ಇರಬಹುದು". ಗೊತ್ತಿಲ್ಲ ಅಂದ್ರೆ ಗೊತ್ತಿಲ್ಲ ಅನ್ನಿ.

ಬೀಜ ನಮ್ಮದು · 9:55

ಜವೆ ಗೋಧಿ ವಿಷಯ ಬಂತಲ್ಲ, ಕೇಳಿ. ಉತ್ತರ ಕರ್ನಾಟಕ, ಮಹಾರಾಷ್ಟ್ರದಲ್ಲಿ ಖಪ್ಲಿ ಅಂತಾರಲ್ಲ, ಅದೇ ಇದು. ಅಮೆರಿಕ, ಆಸ್ಟ್ರೇಲಿಯಾದವರು ಕಾಂಡ ತುಕ್ಕಿಗೆ ಬಳಸಿದ ಎಸ್‌ಆರ್13, ಎಸ್‌ಆರ್14 ಜೀನ್ ಬಂದಿದ್ದು ಖಪ್ಲಿಯಿಂದ. ಅದಕ್ಕೂ ಹಿಂದೆ, ಕೆನಡಾ ದೇಶವನ್ನ ಗೋಧಿ ದೇಶ ಮಾಡಿದ ಮಾರ್ಕ್ವಿಸ್ ತಳಿಗೆ ಹೆತ್ತವರಲ್ಲಿ ಒಂದು ಹಾರ್ಡ್ ರೆಡ್ ಕಲ್ಕತ್ತಾ, ನಮ್ಮ ಗೋಧಿ. ಬೇಗ ಮಾಗೋ ಗುಣ ಅದರಿಂದಲೇ ಬಂದಿದ್ದು. ಕೆನಡಾದವರು ಹಿಮ ಬೀಳೋಕೆ ಮುಂಚೆ ಕೊಯ್ಲು ಮಾಡೋಕೆ ಆಗಿದ್ದು ನಮ್ಮ ಬೀಜದಿಂದ. ಒಂದು ಪೈಸೆ ಬಂತಾ ನಮಗೆ?

ಎರೆಹೊಲ · 10:02

ನಮ್ಮದು ಹೋಗಿದ್ದು ಬರೆದ್ರಿ, ನಮಗೆ ಬಂದಿದ್ದನ್ನೂ ಬರೀಬೇಕು. ಗಿಡ್ಡ ಗೋಧಿಯ ಜೀನ್ ಜಪಾನಿನ ನೋರಿನ್ 10ರದು. ಅದು ಅಮೆರಿಕಕ್ಕೆ ಹೋಗಿ, ಅಲ್ಲಿಂದ ತಳಿ ವಿಜ್ಞಾನಿ ಬೋರ್ಲಾಗ್ ಕೈಗೆ ಮೆಕ್ಸಿಕೊಗೆ ಹೋಗಿ, ಅಲ್ಲಿಂದ ನಮಗೆ ಬಂತು. 1966ರಲ್ಲಿ ನಾವು ಮೆಕ್ಸಿಕೊದಿಂದ 18,000 ಟನ್ ಬಿತ್ತನೆ ಬೀಜ ತರಿಸಿದ್ವಿ. ಕಲ್ಯಾಣ ಸೋನಾ, ಸೋನಾಲಿಕಾ ಆಯ್ಕೆ ಮಾಡಿಕೊಂಡಿದ್ದು ಅವರು ಕಳಿಸಿದ ತಳಿಗಳಿಂದಲೇ. ಜಪಾನಿನ ರೈತರಿಗೆ ನಾವು ಎಷ್ಟು ಪೈಸೆ ಕೊಟ್ವಿ?

ಬೀಜ ನಮ್ಮದು · 10:05

"ಅವರು ಕಳಿಸಿದ". ಕಳಿಸಿದ್ದಲ್ಲ, ನಾವು ದುಡ್ಡು ಕೊಟ್ಟು ಕೊಂಡಿದ್ದು. 18,000 ಟನ್ ಧರ್ಮಕ್ಕೆ ಬರಲಿಲ್ಲ.

ಎರೆಹೊಲ · 10:07

ವಾಟ್ಕಿನ್ಸನದ್ದೂ ಸಂತೆಯಲ್ಲಿ ದುಡ್ಡಿಗೆ ಕೊಂಡಿದ್ದು ಅಂದಾಗ ನೀವು ಒಪ್ಪಲಿಲ್ಲ. ಈಗ ದುಡ್ಡು ಕೊಟ್ಟರೆ ಸರಿ ಅಂತೀರಿ.

ಬೀಜ ನಮ್ಮದು · 10:09

ಸ್ವತಂತ್ರ ದೇಶ ಸ್ವತಂತ್ರ ದೇಶದ ಹತ್ತಿರ ಕೊಳ್ಳೋದಕ್ಕೂ, ಆಳುವವನು ಆಳಿಸಿಕೊಳ್ಳುವವನ ಸಂತೆಗೆ ಕೈ ಹಾಕೋದಕ್ಕೂ ವ್ಯತ್ಯಾಸ ಕಾಣದಿದ್ರೆ ನಿಮ್ಮ ಜೊತೆ ನಾನು ಏನು ಮಾತಾಡಲಿ ಸ್ವಾಮಿ? ಇದು ಬರೀ ಗೋಧಿ ವಿಷಯ ಅಲ್ಲ. ನಾನು ಊರೂರು ತಿರುಗಿ ನಾಟಿ ಬೀಜ ಕೂಡಿಸಿದೋನು. ಬೀಜ ಒಬ್ಬ ಅಜ್ಜಿ ಕೈಯಿಂದ ಬರುವಾಗ ಆಕೆ ಹೆಸರು ಬರೆದಿಟ್ಟುಕೊಳ್ತೀನಿ. ಅವರ 827 ಕವರಿನ ಮೇಲೆ ದೇಶದ ಹೆಸರು ಇರಬಹುದು, ಬೆಳೆದವರ ಹೆಸರು ಇದೆಯಾ?

ಬಯಾಲಜಿ ಮೇಷ್ಟ್ರು · 10:15

ಈ ನೋವು ನನಗೂ ಅರ್ಥ ಆಗುತ್ತೆ. ಆದ್ರೆ ಕಾನೂನು ಇಲ್ಲ ಅನ್ನೋ ಹಾಗೆ ಮಾತಾಡಬೇಡಿ. ನಮ್ಮ 2001ರ ಸಸ್ಯತಳಿ ಸಂರಕ್ಷಣೆ ಮತ್ತು ರೈತರ ಹಕ್ಕು ಕಾಯ್ದೆಯಲ್ಲಿ ರೈತ ತನ್ನ ನಾಟಿ ತಳಿಯನ್ನ ತನ್ನ ಹೆಸರಿನಲ್ಲೇ ನೋಂದಾಯಿಸಬಹುದು, ಶುಲ್ಕ ಇಲ್ಲ. ಬೀಜ ಉಳಿಸಿಕೊಳ್ಳಬಹುದು, ಬಿತ್ತಬಹುದು, ಬದಲಾಯಿಸಿಕೊಳ್ಳಬಹುದು, ಬ್ರಾಂಡ್ ಹಾಕದೆ ಮಾರಲೂಬಹುದು. ಆ ತಳಿಯಿಂದ ಯಾರಾದ್ರೂ ಹೊಸ ತಳಿ ಮಾಡಿದ್ರೆ ಲಾಭದ ಪಾಲು ಕೊಡಬೇಕು ಅಂತಲೂ ಇದೆ. ನೀವು ಕೂಡಿಸಿದ ಬೀಜಗಳಲ್ಲಿ ಎಷ್ಟು ನೋಂದಾಯಿಸಿದ್ದೀರಿ?

ಬೀಜ ನಮ್ಮದು · 10:18

ನೋಂದಣಿ ಅರ್ಜಿ ತುಂಬೋಕೆ ಒಬ್ಬ ಹಳ್ಳಿ ರೈತನನ್ನ ಕರ್ಕೊಂಡು ಕಚೇರಿಗೆ ಹೋಗಿ ನೋಡಿ, ಆಮೇಲೆ ನನ್ನ ಲೆಕ್ಕ ಕೇಳಿ.

ಮೆಕ್ಕೆಜೋಳ ದಾವಣಗೆರೆ · 10:20

ಬೀಜ ಉಳಿಸಿಕೊಳ್ಳೋ ಮಾತೇ ನಮಗೆ ಹೊಸದು. ಮೆಕ್ಕೆಜೋಳದಲ್ಲಿ ಪ್ರತಿ ವರ್ಷ ಪ್ಯಾಕೆಟ್ ಕೊಳ್ಳಲೇಬೇಕು, ಉಳಿಸಿದ ಬೀಜ ಹಾಕಿದ್ರೆ ಇಳುವರಿ ಬೀಳುತ್ತೆ. ಆದ್ರೂ ನಾವು ಬೆಳೀತಿದ್ದೀವಿ, ಬದುಕ್ತಿದ್ದೀವಿ. ವೈವಿಧ್ಯ ಇಲ್ಲದೇ ಏನು ಮುಳುಗಿಹೋಗಿದೆ?

ಹೊಳಲ್ಕೆರೆ ಹುಡುಗಿ · 10:27

"ಏನು ಮುಳುಗಿಹೋಗಿದೆ" ಅಂದ್ರಲ್ಲ, 1970ರಲ್ಲಿ ಅಮೆರಿಕದಲ್ಲಿ ಮುಳುಗಿದ್ದು ನಿಮ್ಮ ಮೆಕ್ಕೆಜೋಳವೇ. ಗಂಡು ಹೂ ಕೀಳೋ ಕೂಲಿ ಉಳಿಸೋಕೆ ಬಹುಪಾಲು ಹೈಬ್ರಿಡ್‌ಗಳಲ್ಲಿ ಗಂಡು ಹೂವಿನಲ್ಲಿ ಪರಾಗವೇ ಬಾರದ ಹಾಗೆ ಮಾಡೋ ಟೆಕ್ಸಾಸ್ ಸೈಟೊಪ್ಲಾಸಂ ಅನ್ನೋ ಒಂದೇ ತಾಯಿಮೂಲ ಬಳಸಿದ್ರು. ಎಲೆ ಅಂಗಮಾರಿಯ ಒಂದು ಹೊಸ ಪ್ರಭೇದ ಅದಕ್ಕೇ ಸರಿಯಾಗಿ ಬಿತ್ತು. ದೇಶದ ಒಟ್ಟು ಬೆಳೆಯಲ್ಲಿ ಶೇ. 15ರಷ್ಟು ಒಂದೇ ವರ್ಷ ಹೋಯ್ತು. ಗೋಧಿಯಲ್ಲೂ ಅಷ್ಟೇ. 1995ರಲ್ಲಿ ಬಂದ ಪಿಬಿಡಬ್ಲ್ಯೂ 343 ಅನ್ನೋ ಗೋಧಿ ತಳಿ ನಮ್ಮ ದೇಶದ ವಾಯವ್ಯ ಬಯಲನ್ನೆಲ್ಲ ಆವರಿಸಿಕೊಂಡಿತ್ತು. ಹಳದಿ ತುಕ್ಕಿನ ಹೊಸ ಪ್ರಭೇದ ಬಂದ ಮೇಲೆ ಅದನ್ನ ಕೈಬಿಡಬೇಕಾಯ್ತು. ದಾವಣಗೆರೆ ಸುತ್ತ ಎಷ್ಟು ಹೊಲದಲ್ಲಿ ಒಂದೇ ಹೈಬ್ರಿಡ್ ಇರುತ್ತೆ ಅಂತ ನಿಮಗೇ ಗೊತ್ತು.

ಮೆಕ್ಕೆಜೋಳ ದಾವಣಗೆರೆ · 10:30

ಅದು ರೋಗದ ವಿಷಯ ಆಯ್ತು. ಪೋಸ್ಟ್ ಇರೋದು ದ್ಯುತಿಸಂಶ್ಲೇಷಣೆ ಬಗ್ಗೆ. ಎಲೆ ಜಾಸ್ತಿ ದುಡಿದ್ರೆ ಕಾಳು ಜಾಸ್ತಿ ಬರುತ್ತೆ ಅನ್ನೋದಕ್ಕೆ ಪುರಾವೆ ಎಲ್ಲಿ?

ಬಯಾಲಜಿ ಮೇಷ್ಟ್ರು · 10:36

ಪುರಾವೆ ಇದೆ. ಬಯಲಿನಲ್ಲೇ, ಗಾಜಿನ ಮನೆಯಲ್ಲಲ್ಲ, ಬೆಳೆ ಸುತ್ತ ಕೊಳವೆ ಹಾಕಿ ಇಂಗಾಲದ ಡೈಆಕ್ಸೈಡ್ ಬಿಟ್ಟು ಗೋಧಿ ಬೆಳೆದಿದ್ದಾರೆ. ದ್ಯುತಿಸಂಶ್ಲೇಷಣೆ ಏರಿತು, ಇಳುವರಿಯೂ ಏರಿತು. ಸೋಯಾದಲ್ಲಿ ಇನ್ನೂ ನೇರವಾಗಿ ಮಾಡಿದ್ದಾರೆ. ಎಲೆ ಬಿಸಿಲಿನಿಂದ ನೆರಳಿಗೆ ಬಂದಾಗ, ಹೆಚ್ಚು ಬಿಸಿಲಿನಿಂದ ಅದನ್ನ ಕಾಪಾಡೋ ವ್ಯವಸ್ಥೆ ಬೇಗ ಸಡಿಲ ಆಗೋ ಹಾಗೆ ಜೀನ್ ಬದಲಾಯಿಸಿದ್ರು. 2022ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ಫಲಿತಾಂಶದ ಪ್ರಕಾರ ಇಳುವರಿ ಸರಾಸರಿ ಶೇ. 24ರಷ್ಟು ಹೆಚ್ಚು, ಒಂದು ತಳಿಸಾಲಿನಲ್ಲಿ ಶೇ. 33.

ಮೆಕ್ಕೆಜೋಳ ದಾವಣಗೆರೆ · 10:44

ಬೀಜ ನಮ್ಮದು ಅವರಿಗೆ 2004 ಬಿಟ್ರಿ ಅಂದ್ರಿ, ಈಗ ನೀವು ಅರ್ಧ ಬಿಟ್ಟಿದ್ದೀರಿ ಮೇಷ್ಟ್ರೇ. ಅದೇ ಲೇಖನದಲ್ಲಿ ಎರಡನೇ ವರ್ಷದ ಪ್ರಯೋಗವೂ ಇದೆ. 2021ರಲ್ಲಿ ಗಿಡ ಬೇಗ ಮಲಗಿಬಿಟ್ಟವು, ಇಳುವರಿಯಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಒಂದು ವರ್ಷದ ಫಲಿತಾಂಶ ಹಿಡ್ಕೊಂಡು ಶೇ. 33 ಅಂತೀರಿ. ದ್ಯುತಿಸಂಶ್ಲೇಷಣೆ ಹೆಚ್ಚಿಸೋದರಿಂದ ಇಳುವರಿ ಸಮಸ್ಯೆ ಬಗೆಹರಿಯೋದು ಅನುಮಾನ ಅಂತ 2019ರಲ್ಲಿ ಸಿಂಕ್ಲೇರ್ ಅನ್ನೋ ಬೆಳೆ ವಿಜ್ಞಾನಿ ಮತ್ತು ಜೊತೆಯವರು ಬರೆದಿದ್ದಾರೆ. ಸಾರಜನಕ, ನೀರು ಸಾಲದಿದ್ರೆ ಎಲೆ ಎಷ್ಟು ದುಡಿದ್ರೂ ಕಾಳಿಗೆ ಬರೋದಿಲ್ಲ ಅಂತ.

ಬಯಾಲಜಿ ಮೇಷ್ಟ್ರು · 10:47

ಗಿಡ ಮಲಗಿದ್ದು ಬಿರುಗಾಳಿ ಮಳೆಗೆ. ಅದಕ್ಕೆ ಎಲೆ ಏನು ಮಾಡುತ್ತೆ?

ಮೆಕ್ಕೆಜೋಳ ದಾವಣಗೆರೆ · 10:48

ನಮ್ಮ ಹೊಲದಲ್ಲೂ ಗಾಳಿ ಮಳೆ ಬರುತ್ತೆ.

ಹೊಳಲ್ಕೆರೆ ಹುಡುಗಿ · 10:55

ಇಬ್ಬರೂ ಸೋಯಾ ಬಿಡಿ. ಗೋಧಿಯದ್ದೇ ಒಂದು ಹಳೆ ಫಲಿತಾಂಶ ಇದೆ, ನಾವೆಲ್ಲ ಪರೀಕ್ಷೆಗೆ ಓದೋದು. 1970ರಲ್ಲಿ ಇವಾನ್ಸ್ ಮತ್ತು ಡನ್‌ಸ್ಟೋನ್ ಅನ್ನೋ ವಿಜ್ಞಾನಿಗಳು ಕಾಡು ಗೋಧಿಯಿಂದ ಹಿಡಿದು ಆಧುನಿಕ ಗೋಧಿವರೆಗೆ ಅಳತೆ ಮಾಡಿದ್ರು. ಎಲೆಯ ಒಂದೊಂದು ಚದರ ಸೆಂಟಿಮೀಟರಿಗೆ ನೋಡಿದ್ರೆ ಕಾಡು ಗೋಧಿಯದ್ದೇ ಹೆಚ್ಚು ದ್ಯುತಿಸಂಶ್ಲೇಷಣೆ. ಬೇಸಾಯಕ್ಕೆ ಬಂದಂತೆಲ್ಲ ಎಲೆ ಅಗಲ ಆಯ್ತು, ಕಾಳು ದಪ್ಪ ಆಯ್ತು, ಆದ್ರೆ ಅಷ್ಟಷ್ಟಗಲಕ್ಕೆ ದುಡಿಮೆ ಇಳೀತು. ಅಂದ್ರೆ ಆ ಗುಣ ಕಾಡು ಗೋಧಿಯಲ್ಲಿ ಇದೆ. ಅಗಲ ಎಲೆ, ದಪ್ಪ ಕಾಳಿನ ಜೊತೆಗೆ ಅದನ್ನ ತರೋದೇ ಕಷ್ಟದ ಕೆಲಸ.

ಬೀಜ ನಮ್ಮದು · 10:58

"ಕಾಡು ಗೋಧಿಯದ್ದೇ ಹೆಚ್ಚು". ನೀವೇ ಹೇಳಿಬಿಟ್ರಿ. ಹಳೆಯದು ಮೇಲು ಅಂತ ನಾವು ಹೇಳಿದ್ರೆ ಮೂಢನಂಬಿಕೆ ಅಂತೀರಿ.

ಹೊಳಲ್ಕೆರೆ ಹುಡುಗಿ · 11:01

ಸರ್, ಮುಂದಿನ ಸಾಲೂ ಓದಿ. ಕಾಡು ಗೋಧಿಯ ಎಲೆ ಚಿಕ್ಕದು, ಕಾಳು ಸಣ್ಣದು, ಮಾಗಿದ ಕೂಡಲೇ ತೆನೆ ಕಳಚಿ ನೆಲಕ್ಕೆ ಉದುರುತ್ತೆ. ಅದನ್ನ ಹಾಗೇ ಬಿತ್ತಿದ್ರೆ ಕಣಕ್ಕೆ ಬರೋದು ಏನೂ ಇಲ್ಲ. ಗುಣ ಬೇಕು, ಗಿಡ ಅಲ್ಲ. ಆ ಗುಣ ಹೊರಗೆ ತೆಗೆಯೋರು ತಳಿ ಸುಧಾರಕರೇ.

ಬೀಜ ನಮ್ಮದು · 11:03

ಗುಣ ಬೇಕು, ಗಿಡ ಬೇಡ. ಬೀಜ ಬೇಕು, ರೈತ ಬೇಡ. ನಾನು ಒಂಬತ್ತು ಗಂಟೆಯಿಂದ ಹೇಳ್ತಿರೋದು ಇದನ್ನೇ.

ಎರೆಹೊಲ · 11:09

ಆ ಹುಡುಗಿ ಹಾಗೆ ಹೇಳಲಿಲ್ಲ. ಓದೋ ಮಗುವಿನ ಬಾಯಿಗೆ ಇಲ್ಲದ ಮಾತು ತುರುಕಬೇಡಿ. ಇಷ್ಟು ಹೊತ್ತು ನಿಮಗೆ ಮರ್ಯಾದೆ ಕೊಟ್ಟೇ ಮಾತಾಡಿದ್ದೀನಿ.

ಹೊಳಲ್ಕೆರೆ ಹುಡುಗಿ · 11:11

ಅಣ್ಣ, ನನಗೆ ಉತ್ತರ ಕೊಡೋಕೆ ಬರುತ್ತೆ.

ಬೀಜ ನಮ್ಮದು ಸರ್, ನಿಮ್ಮ ಸಂಗ್ರಹದಲ್ಲಿ ಜವೆ ಗೋಧಿ ಇದ್ರೆ ನನಗೆ ನಿಜವಾಗಿ ಬೇಕು. ಹೇಗೆ ಅಳೀತೀವಿ ಅಂತ ಹೇಳ್ತೀನಿ. ಮಧ್ಯಾಹ್ನ ಎರಡು ಗಂಟೆ ಹೊತ್ತಿಗೆ ಕೈಲಿ ಹಿಡಿಯೋ ಇನ್‌ಫ್ರಾರೆಡ್ ಥರ್ಮಾಮೀಟರ್ ತಗೊಂಡು ಸಾಲುಸಾಲಿಗೆ ಬೆಳೆ ಮೇಲ್ಮೈ ಶಾಖ ನೋಡ್ತೀವಿ. ಬೇರು ನೀರು ಎತ್ತುತ್ತಾ ಎಲೆಯ ರಂಧ್ರ ತೆರೆದಿದ್ರೆ ಆ ತಾಕು ಪಕ್ಕದ್ದಕ್ಕಿಂತ ತಂಪಾಗಿರುತ್ತೆ. ರಂಧ್ರ ತೆರೆದಿದ್ರೆ ಮಾತ್ರ ಇಂಗಾಲ ಒಳಗೆ ಹೋಗೋದು. ಆಮೇಲೆ ಧ್ವಜ ಎಲೆ. ಕಾಳು ಹಿಸುಕಿದ್ರೆ ಹಾಲು ಬರೋ ಹಂತದಲ್ಲಿ ಅದು ಹಸಿರಾಗಿದೆಯಾ, ತುದಿಯಿಂದ ಹಳದಿ ತಿರುಗಿದೆಯಾ, ಬಿಸಿಲಿಗೆ ಸುರುಳಿ ಸುತ್ತಿಕೊಂಡಿದೆಯಾ ಅಂತ ನೋಡೋದು. ಒಂದೇ ಹೊಲದಲ್ಲಿ ಒಂದು ತಳಿಯದ್ದು ಹಸಿರು ಇರುತ್ತೆ, ಪಕ್ಕದ್ದು ಒಣಗಿರುತ್ತೆ. ಎಂಟು ಹತ್ತು ದಿನ ಎಲೆ ಹೆಚ್ಚು ಹಸಿರಿದ್ರೆ ಕಾಳು ತುಂಬೋಕೆ ಅಷ್ಟು ದಿನ ಹೆಚ್ಚು ಸಿಗುತ್ತೆ. ಮೀಸೆ ಇರೋ ತೆನೆ ಆದ್ರೆ ಮೀಸೆಯೂ ದುಡಿಯುತ್ತೆ.

ಮೆಕ್ಕೆಜೋಳ ದಾವಣಗೆರೆ · 11:15

"ಎಂಟು ಹತ್ತು ದಿನ ಹೆಚ್ಚು ಹಸಿರು" ಅಂದ್ರೆ ಎಂಟು ಹತ್ತು ದಿನ ಹೆಚ್ಚು ನೀರು. ಜಗಳೂರಿನಲ್ಲಿ ಬೋರ್‌ವೆಲ್ ಎಷ್ಟು ಅಡಿಗೆ ಹೋಗಿದೆ ಅಂತ ಎರೆಹೊಲ ಅಣ್ಣನ್ನೇ ಕೇಳಿ.

ಎರೆಹೊಲ · 11:20

ನಾನು ಬೋರ್‌ವೆಲ್ ಗೋಧಿ ಕೇಳಲಿಲ್ಲ. ಕಪ್ಪು ಎರೆಯಲ್ಲಿ ಹಿಂಗಾರಿ ಜೋಳ, ಕಡಲೆ ಬರೋ ತೇವದಲ್ಲೇ ಜವೆ ಗೋಧಿ ಬರ್ತಿತ್ತು ನಮ್ಮಲ್ಲಿ. ದಾವಣಗೆರೆ ಜಿಲ್ಲೆ ಆಗಿದ್ದು 1997ರಲ್ಲಿ, ಅದಕ್ಕೂ ಮುಂಚೆ ನಾವು ಚಿತ್ರದುರ್ಗದವರೇ. ನಮ್ಮ ನೆಲ ಒಂದೇ ನಮೂನೆ. ಅದೇ ಎರೆಯಲ್ಲಿ, ಅದೇ ಬಿಸಿಲಿನಲ್ಲಿ ಎಲೆ ಬಾಡದೆ ನಿಲ್ಲೋ ಗೋಧಿ ಬೇಕು ಅಂದ್ರೆ ಇಲ್ಲೇ ಬಿತ್ತಿ ಆರಿಸಬೇಕು. ಪಂಜಾಬಿನ ನೀರಾವರಿ ತಾಕಿನಲ್ಲಿ ಆರಿಸಿದ್ದು ಇಲ್ಲಿಗೆ ಆಗೋದಿಲ್ಲ. ಮೇಲೆ ಆಕೆ ಹೇಳಿದ ಹುಲ್ಲಿನ ತುಣುಕಿನ ಕಥೆಯೂ ಅದೇ ಹೇಳ್ತಿದೆ. ನಮ್ಮ ಹೊಲದಲ್ಲಿ ಹತ್ತು ಗುಂಟೆ ಬಿಡೋಕೆ ನಾನು ತಯಾರಿದ್ದೀನಿ. ನವೆಂಬರ್ ಮೊದಲ ವಾರ ಬಿತ್ತೋದು, ಮೇಲುನೀರು ಕೊಡೋದಿಲ್ಲ.

ಕೋಟೆನಾಡು · 11:22

ಕೊನೆಗೆ ರೈತರ ಹೊಲವೇ ಪ್ರಯೋಗಶಾಲೆ. ಬೆಳೆ ಹೋದ್ರೆ ಯಾರು ಕೊಡ್ತಾರೆ?

ಎರೆಹೊಲ · 11:23

ಹತ್ತು ಗುಂಟೆ ನಂದು. ನಿಮ್ಮನ್ನ ಕೇಳ್ತಿಲ್ಲ.

ಬಯಾಲಜಿ ಮೇಷ್ಟ್ರು · 11:27

ಬಿತ್ತೋದಾದ್ರೆ ತುಕ್ಕನ್ನ ಮರೀಬೇಡಿ. ಕಾಂಡ ತುಕ್ಕಿನ ಬೀಜಾಣು ನೀಲಗಿರಿ, ಪಳನಿ ಬೆಟ್ಟಗಳಲ್ಲಿ ವರ್ಷಪೂರ್ತಿ ಉಳಿದು ಅಲ್ಲಿಂದ ಉತ್ತರಕ್ಕೆ ಗಾಳಿಯಲ್ಲಿ ಬರುತ್ತೆ ಅಂತ ಸಸ್ಯರೋಗ ವಿಜ್ಞಾನಿ ಕೆ. ಸಿ. ಮೆಹ್ತಾ ಹಿಂದೆಯೇ ತೋರಿಸಿದ್ದಾರೆ. ಆ ದಾರಿಯಲ್ಲಿ ನಾವು ಮೊದಲೇ ಸಿಗ್ತೀವಿ. ಎಲೆ ಎಷ್ಟು ದುಡಿಯೋ ತಳಿಯಾದ್ರೂ ತುಕ್ಕು ಕೂತ ಎಲೆ ದುಡಿಯೋದಿಲ್ಲ. ಸಾಲಿನ ನಡುವೆ ಒಂದೆರಡು ಖಪ್ಲಿ ಮೂಲದ ನಿರೋಧಕ ತಳಿ ಇರಲಿ.

ಬೀಜ ನಮ್ಮದು · 11:33

"ಖಪ್ಲಿ ಮೂಲದ". ಆಗ ಖಪ್ಲಿಯನ್ನೇ ಬಿತ್ತಬಹುದಲ್ಲ.

ನನ್ನ ಹತ್ತಿರ ಜವೆ ಗೋಧಿ ಎರಡು ತರ ಇದೆ. ಒಂದರ ತೆನೆ ಕೆಂಪು, ಇನ್ನೊಂದರದ್ದು ಬಿಳಿ. ಎರಡೂ ಹೊಟ್ಟು ಬಿಡದ ಕಾಳು, ಒರಳಿಗೆ ಹಾಕಿ ಕುಟ್ಟಬೇಕು. ಕೊಡ್ತೀನಿ, ಒಂದು ಷರತ್ತು. ಕಾಗದದಲ್ಲಿ ಬರೆದುಕೊಡಿ. ತಾಕಿನ ಫಲಕದ ಮೇಲೆ, ನಾಳೆ ಲೇಖನ ಬಂದ್ರೆ ಲೇಖನದಲ್ಲಿ, ಬೀಜ ಕೊಟ್ಟ ಊರಿನ ಹೆಸರು, ಮನೆತನದ ಹೆಸರು ಇರಬೇಕು. ವಿಶ್ವವಿದ್ಯಾಲಯದ ಹೆಸರು ಆಮೇಲೆ.

ಹೊಳಲ್ಕೆರೆ ಹುಡುಗಿ · 11:36

ಊರಿನ ಹೆಸರು ನಾನು ಬರೀತೀನಿ. ಲೇಖನದಲ್ಲಿ ಯಾರ ಹೆಸರು ಮೊದಲು ಅನ್ನೋದು ನನ್ನ ಕೈಲಿಲ್ಲ, ನಮ್ಮ ಗೈಡ್ ತೀರ್ಮಾನ.

ಬೀಜ ನಮ್ಮದು · 11:37

ಹಂಗಾದ್ರೆ ನಿಮ್ಮ ಗೈಡ್ ಹತ್ತಿರ ಬರೆಸಿಕೊಂಡು ಬನ್ನಿ. ಬೀಜ ಅಲ್ಲಿವರೆಗೂ ನನ್ನ ಹತ್ತಿರ ಇರುತ್ತೆ.

ಮೆಕ್ಕೆಜೋಳ ದಾವಣಗೆರೆ · 11:40

ನವೆಂಬರಿಗೆ ನಾನೂ ಬಂದು ನೋಡ್ತೀನಿ ಅಣ್ಣ. ತಾಕಿನ ಪಕ್ಕ ಎರಡು ಸಾಲು ಹಿಂಗಾರಿ ಜೋಳನೂ ಹಾಕಿ, ಅದೂ ಸಿ4. ಕೊಯ್ಲಾದ ಮೇಲೆ ಎರಡನ್ನೂ ತೂಕಕ್ಕೆ ಹಾಕೋಣ.

ಎರೆಹೊಲ · 11:42

ಹಾಕ್ತೀನಿ. ತೂಕ ಮಾತ್ರ ಅಲ್ಲ, ಎರಡನ್ನೂ ಮಾರ್ಕೆಟ್ಟಿಗೂ ಒಯ್ಯೋಣ. ಜವೆ ಗೋಧಿ ಕ್ವಿಂಟಲಿಗೆ ಏನು ಹೋಗುತ್ತೆ, ಜೋಳ ಏನು ಹೋಗುತ್ತೆ, ಅದನ್ನೂ ಇಲ್ಲೇ ಬರೀರಿ.